ಸರ ಮುಗಿಯುವವರೆಗಿನ ಬಿಸಿಲು

ಅವ್ವ ತೀರಿಕೊಂಡು ಹದಿನೈದು ದಿನವಾಗಿತ್ತು. ಬಂದವರೆಲ್ಲ ಅವರವರ ಊರಿಗೆ ಹೋಗಿದ್ದರು. ಬೈಲಹೊಂಗಲದ ಮನೆಯಲ್ಲಿ ಅವಳ ಟ್ರಂಕು ಮುಟ್ಟಲು ಅಪ್ಪನಿಗೆ ಧೈರ್ಯ ಸಾಲದೆ, ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಸೀರೆಗಳನ್ನು ಒಂದೊಂದಾಗಿ ತೆಗೆದು ಮಡಿಚಿಡುತ್ತಿದ್ದಾಗ ತಳದಲ್ಲಿ ಬಿಗಿಯಾಗಿ ಮುಚ್ಚಿದ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗಿದ್ದದ್ದು ಅವಳ ಹಳೆಯ ರುದ್ರಾಕ್ಷಿ ಸರ. ಕೊರಳಿನ ಇಷ್ಟಲಿಂಗ, ಕೊನೆಯವರೆಗೆ ಎಣಿಸುತ್ತಿದ್ದ ಸರ ಎರಡೂ ಅವಳ ಜೊತೆಗೇ ಮಣ್ಣಿಗೆ ಹೋಗಿದ್ದವು. ಇದು ಅದಕ್ಕೂ ಮೊದಲಿನದು, ಅವಳು ಎಣಿಸುವುದನ್ನು ಬಿಟ್ಟು ಎತ್ತಿಟ್ಟದ್ದು.

ಮೂಗಿಗೆ ಬಡಿದದ್ದು ವಿಭೂತಿಯ ವಾಸನೆಯಲ್ಲ. ಬಾವಂಚಿ ಬೀಜದ ಎಣ್ಣೆಯ ಕಹಿ ಘಾಟು. ಎಣ್ಣೆ ಹಚ್ಚಿದ ಬೆರಳಿನಿಂದಲೇ ಅವ್ವ ಆ ಬೇಸಿಗೆಯಿಡೀ ಮಣಿ ಸರಿಸಿದ್ದಳು. ಹತ್ತು ವರ್ಷವಾದರೂ ಒಂದೊಂದು ಮಣಿಯ ಗೀರಿನಲ್ಲೂ ಅದು ಉಳಿದುಕೊಂಡಿತ್ತು. ನಾನು ಡಬ್ಬಿ ಮುಚ್ಚಿಬಿಟ್ಟೆ.

ದೆವ್ವ ಅಂದರೆ ಜನರಿಗೆ ಕತ್ತಲಲ್ಲಿ ಬರುವಂಥದ್ದು. ನನ್ನದು ಹಾಗಲ್ಲ, ಬೆಳಿಗ್ಗೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಬರುತ್ತದೆ. ನಾನು ಈಗಿರುವ ರಾಮದುರ್ಗದ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣ ಹಾಕುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಬಿಸಿಲು ಮುಂಗೈ ಮೇಲೆ ಬಿತ್ತೆಂದರೆ ಸಾಕು, ಕಿವಿಯೊಳಗೆ ಅವ್ವನ ಜಪ ಶುರುವಾಗುತ್ತದೆ. ಅದೂ ನಿಧಾನವಾಗಿ, ಬಹಳ ನಿಧಾನವಾಗಿ.

ಅದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಅಕ್ಕ ಗಿರಿಜಾ ನನಗಿಂತ ಐದು ವರ್ಷ ದೊಡ್ಡವಳು. ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತಿದ್ದಳು. ನನಗೆ ಎಲ್ಲದರಲ್ಲೂ ಗಡಿಬಿಡಿ, ಲೆಕ್ಕ, ವಾದ. ಅವಳಿಗೆ ಅದ್ಯಾವುದೂ ಬೇಡ. ಓಣಿಯ ಜಗಳಗಳನ್ನು ಕಟ್ಟೆಯ ಮೇಲೆ ಕೂತು ನಗುತ್ತ ಕೇಳಿ, ಆಮೇಲೆ ಇಬ್ಬರಿಗೂ ಚಹಾ ಕೊಟ್ಟು ಕಳಿಸುವವಳು.

ಅವಳ ಬಲಗೈಯಲ್ಲಿ, ಮೊಣಕೈಯ ಕೆಳಗೆ, ಎರಡು ವರ್ಷದಿಂದ ಒಂದು ಬಿಳಿ ಕಲೆ ಇತ್ತು. ಮೊದಲು ಹುಣಸೆ ಬೀಜದಷ್ಟಿದ್ದದ್ದು ಈಗ ಅಂಗೈ ಅಗಲ ಆಗಿತ್ತು. ಹೆರಳಿನ ಮರೆಯಲ್ಲಿ, ಕತ್ತಿನ ಹಿಂದೆ ಇನ್ನೊಂದು. ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. "ಅದು ಹೆಂಗೈತಿ?" "ಅದು ಬೆಳದೈತೇನು?" ಹೀಗೇ ನಮ್ಮ ಮಾತು. ಅಕ್ಕ ಎಂಥ ಸೆಕೆಯಲ್ಲೂ ತುಂಬು ತೋಳಿನ ಕುಪ್ಪಸ ಹಾಕುತ್ತಿದ್ದಳು. ಓಣಿಯ ಹೆಂಗಸರು ಅದನ್ನು ಅವಳ ಗತ್ತು ಅಂದುಕೊಂಡಿದ್ದರು.

ಮುಚ್ಚಿಡಲು ಕಾರಣವಿತ್ತು. ಅಪ್ಪನ ತಂಗಿಯನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಆ ಅತ್ತೆಯ ಮಗನಿಗೆ ಅಕ್ಕ ಎಂಬುದು ಅವಳು ತೊಟ್ಟಿಲಲ್ಲಿದ್ದಾಗಲೇ ಆಗಿದ್ದ ಮಾತು. ಬಸವ ಜಯಂತಿ ಆದ ಮೇಲೆ ಬಂದು ನಿಶ್ಚಯ ಮಾಡಿಕೊಂಡು ಹೋಗುತ್ತೇವೆ ಎಂದು ಅತ್ತೆ ಹೇಳಿ ಕಳಿಸಿದ್ದಳು. ಅಕ್ಕನಿಗೂ ಆ ಮನೆಯೆಂದರೆ ಇಷ್ಟ. ಅವರು ಬಂದಾಗ ಅವಳು ಬಾಗಿಲ ಮರೆಗೆ ನಿಂತು ನಗುತ್ತಿದ್ದ ರೀತಿ ನನಗೆ ಗೊತ್ತು. ಅಷ್ಟರೊಳಗೆ ಆ ಕಲೆ ಹೋಗಬೇಕಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ಎರಡು ವರ್ಷ ಗುಳಿಗೆ, ಮುಲಾಮು ಆಗಿತ್ತು. ಮುಲಾಮು ಹಚ್ಚಿದಲ್ಲಿ ಕಲೆ ಬೆಳೆಯುವುದು ತುಸು ನಿಂತಿತ್ತು, ಆದರೆ ಚರ್ಮ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ತೆಳ್ಳಗಾಗಿತ್ತು. ಶಿವರಾತ್ರಿ ಕಳೆದ ಮೇಲೆ, ಶನಿವಾರಕ್ಕೊಮ್ಮೆ ಧಾರವಾಡದಿಂದ ನಮ್ಮೂರಿಗೆ ಬರುತ್ತಿದ್ದ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಅಕ್ಕನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಮುಲಾಮು ಸಾಕ್ರಿ ಇನ್ನ. ಈಗ ಬೆಳಕಿನ ಚಿಕಿತ್ಸಾ ಮಾಡೂಣು."

"ಬೆಳಕಂದ್ರ? ಲೈಟ್ ಹಚ್ಚತೀರೇನ್ರಿ?" ಅಪ್ಪ ಕೇಳಿದ. ಹತ್ತಿ ಗಿರಣಿಯ ಗುಮಾಸ್ತನಾದ ಅಪ್ಪನಿಗೆ ಕಣ್ಣಿಗೆ ಕಾಣುವ ಗುಳಿಗೆಯ ಮೇಲೆಯೇ ನಂಬಿಕೆ.

"ಹುಬ್ಬಳ್ಳಿ ದೊಡ್ಡ ದವಾಖಾನಿಯೊಳಗ ಅದಕ್ಕ ಮಷೀನ್ ಐತ್ರಿ. ವಾರಕ್ಕ ಮೂರು ಸಲ ಹೋಗಬೇಕು. ಅದು ಆಗಂಗಿಲ್ಲಂದ್ರ ಸೂರ್ಯಾ ಅದಾನಲ್ಲ."

"ಬಿಸಿಲಾಗ ಕುಂತ್ರ ಹೋಗೂದಿದ್ರ, ನಮ್ಮ ಕಡೆ ಯಾರಿಗೂ ಇದು ಬರಬಾರದಿತ್ತಲ್ರಿ."

ಡಾಕ್ಟರು ನಕ್ಕರು. ಬರೀ ಬಿಸಿಲಿನಿಂದ ಏನೂ ಆಗುವುದಿಲ್ಲ, ಕಲೆಯ ಮೇಲೆ ಮಾತ್ರ ಬಾವಂಚಿ ಎಣ್ಣೆ ಹಚ್ಚಿ, ತುಸು ಹೊತ್ತು ಬಿಟ್ಟು, ಆಮೇಲೆ ಬಿಸಿಲಿಗೆ ಹಿಡಿಯಬೇಕು, ಎಣ್ಣೆಯೂ ಬೆಳಕೂ ಕೂಡಿದರೆ ಮಲಗಿದ ಬಣ್ಣ ಏಳುತ್ತದೆ ಎಂದು ತಿಳಿಸಿ ಹೇಳಿದರು. ಒಂದು ದಿನ ಬಿಟ್ಟು ಒಂದು ದಿನ. ಮೊದಲು ಐದೇ ನಿಮಿಷ. ವಾರಕ್ಕೆ ತುಸು ತುಸು ಏರಿಸಬೇಕು, ಎಷ್ಟೇ ಆದರೂ ಹತ್ತು ದಾಟಬಾರದು. ಕೆಂಪಾದರೆ ನಿಲ್ಲಿಸಬೇಕು. ಕೊನೆಗೆ ಅವ್ವನ ಕಡೆ ತಿರುಗಿ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ನೋಡ್ರಿ ಅವ್ವಾರ, ಗುಳಿಗಿ ಆದ್ರ ನಾ ಎಣಿಸಿ ಕೊಡತೇನಿ. ಬಿಸಿಲು ಎಣಿಸಿ ಕೊಡಾಕ ನನ್ನ ಕಡೆ ಆಗಂಗಿಲ್ಲ. ಅದನ್ನ ನೀವ ಎಣಿಸಬೇಕು."

ಎಣಿಸುವುದೆಂದರೆ ಅವ್ವನಿಗೆ ಒಂದೇ ಅರ್ಥ. ಅವಳ ಅಡುಗೆಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಲು ಕಾಯಲು ಅರ್ಧ ಸರ, ಬೇಳೆ ಬೇಯಲು ನಾಲ್ಕು ಸರ. ಓಂ ನಮಃ ಶಿವಾಯ ಅನ್ನುತ್ತ ನೂರೆಂಟು ಮಣಿ ಸರಿಸಿದರೆ ಒಂದು ಸರ. ಕೈ ಕೆಲಸ ಮಾಡುತ್ತಿದ್ದರೆ ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಆದರೂ ಅವಳ ಅನ್ನ ಒಂದು ದಿನವೂ ಹೊತ್ತಿದ್ದಿಲ್ಲ. "ನಿಮ್ಮವ್ವನ ಶಿವಾ ಕುಕ್ಕರಿನ ಸೀಟಿ ಆಗ್ಯಾನ," ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ.

ಮೊದಲ ದಿನ ಅವ್ವ ಮಾಳಿಗೆಯ ಮೇಲೆ, ನಾನು ಕೆಳಗೆ ಪಡಸಾಲೆಯ ಗೋಡೆ ಗಡಿಯಾರದ ಮುಂದೆ. ನಮ್ಮದು ಹಳೆಯ ಮಣ್ಣಿನ ಮಾಳಿಗೆ, ಕೋಣೆಗೊಂದು ಗಾಜು ಹಾಕಿದ ಬೆಳಕಿಂಡಿ. ಗಾಜು ಸರಿಸಿ ಕೂಗಿದರೆ ಕೆಳಗಿನವರಿಗೆ ಕೇಳುತ್ತಿತ್ತು. "ಮುಗೀತು," ಎಂದು ಅವ್ವ ಕೂಗಿದಳು. "ಐದು ನಿಮಿಷ ಬರೋಬ್ಬರಿ," ಎಂದು ನಾನು ಕೂಗಿದೆ. ಅಕ್ಕ ಮೇಲೆ ನಕ್ಕದ್ದು ಕೇಳಿಸಿತು. ಆಮೇಲೆ ಯಾರೂ ಗಡಿಯಾರದ ಸುದ್ದಿ ಎತ್ತಲಿಲ್ಲ. ಒಂದು ಸರ ಐದು ನಿಮಿಷ, ಎರಡು ಸರ ಹತ್ತು.

ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆ ಹರವಿರುತ್ತಿದ್ದೆವು, ಅದನ್ನು ಕಾಯುವ ನೆಪ. ಸುತ್ತ ಹಳೆ ಸೀರೆ ಕಟ್ಟಿ ಮರೆ. ಅಪ್ಪನ ಹರಕು ಧೋತರಕ್ಕೆ ಕಲೆಯ ಅಳತೆಯ ಕಿಂಡಿ ಕತ್ತರಿಸಿ, ಅದನ್ನು ಕೈ ಮೇಲೆ ಹೊದಿಸಿ, ಅಷ್ಟೇ ಜಾಗ ಬಿಸಿಲಿಗೆ ಬಿಡುವುದು. ಹನ್ನೊಂದರ ಹೊತ್ತಿಗೆ ಅಕ್ಕ ಕೈ ಚಾಚಿ ಕೂರುತ್ತಿದ್ದಳು. ಎದುರಿಗೆ ಅವ್ವ, ಬೆರಳಿಗೆ ಎಣ್ಣೆ, ಎಣ್ಣೆಯ ಬೆರಳಿನಲ್ಲಿ ಸರ.

ಪರೀಕ್ಷೆ ಮುಗಿದ ಮೇಲೆ ನಾನೂ ಪ್ರತಿ ಸಲ ಮೇಲೆ ಹತ್ತತೊಡಗಿದೆ. ಪರೀಕ್ಷೆ ಚೆನ್ನಾಗಿ ಬರೆದಿದ್ದೇನೆಂದು ಸೋದರಮಾವ ನನಗೊಂದು ಕೈಗಡಿಯಾರ ಕೊಡಿಸಿದ್ದ. ಹೊಸ ಹುಚ್ಚು. ಹಾಲಿನವನು ಎಷ್ಟಕ್ಕೆ ಬಂದ, ದೊಡವಾಡದ ಬಸ್ಸು ಎಷ್ಟು ತಡ, ಅಪ್ಪನ ಊಟಕ್ಕೆ ಎಷ್ಟು ನಿಮಿಷ, ಎಲ್ಲವನ್ನೂ ನೋಡಿ ಎಲ್ಲರ ತಲೆ ತಿನ್ನುತ್ತಿದ್ದೆ.

ಯುಗಾದಿಯ ನಂತರದ ಒಂದು ದಿನ ಅಕ್ಕ ಕೈಯನ್ನು ಕಣ್ಣಿನ ಹತ್ತಿರ ತಂದು ನೋಡಿಕೊಂಡಳು. ಬಿಳಿಯ ನಡುವೆ ಸಾಸಿವೆ ಕಾಳಿನಷ್ಟು ನಾಲ್ಕು ಕಂದು ಚುಕ್ಕೆ. ಮರುವಾರ ಹತ್ತು ಹನ್ನೆರಡು. ಡಾಕ್ಟರು ನೋಡಿ, "ಬಣ್ಣ ಏಳಾಕತ್ತೈತಿ, ಹಿಂಗ ನಡೀಲಿ," ಅಂದರು. ಎರಡು ವರ್ಷ ಗುಳಿಗೆ ಮುಲಾಮು ತೋರಿಸದಿದ್ದದ್ದನ್ನು ಆರೇ ವಾರದಲ್ಲಿ ಬಿಸಿಲು ತೋರಿಸಿತ್ತು. ಅವತ್ತು ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಪ್ಪನೂ ಸೋತು, ಹಪ್ಪಳದ ನೆಪದಲ್ಲಿ ಒಮ್ಮೆ ಮೇಲೆ ಬಂದು ಚುಕ್ಕೆಗಳನ್ನು ನೋಡಿ ಹೋದ.

ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು. ಅದುವರೆಗೆ ಅವ್ವ ಅನ್ನ ಬೇಯಿಸುವಾಗಿನಂತೆಯೇ ಸಲೀಸಾಗಿ ಎಣಿಸುತ್ತಿದ್ದಳು. ಚುಕ್ಕೆ ಕಂಡ ಮೇಲೆ ಕಣ್ಣು ಮುಚ್ಚಿ ಎಣಿಸತೊಡಗಿದಳು. ಒಂದೊಂದು ನಾಮಕ್ಕೂ ಶಿವನನ್ನು ಎದುರಿಗೆ ನಿಲ್ಲಿಸಿಕೊಂಡು ಬೇಡುವ ಹಾಗೆ. ಮಣಿ ಬೆರಳಲ್ಲೇ ನಿಂತುಬಿಡುತ್ತಿತ್ತು. ತುಟಿ ನಡುಗುತ್ತಿತ್ತು, ಆಮೇಲೆ ಮುಂದಿನ ಮಣಿ. ನಾನು ಕೈಗಡಿಯಾರ ನೋಡಿದೆ. ಒಂದು ಸರಕ್ಕೆ ಆರೂವರೆ ನಿಮಿಷ. ಒಂದು ವಾರದ ನಂತರ ಎಂಟು.

ನಾನು ಹೇಳಲಿಲ್ಲ. ಜಪಕ್ಕೆ ಕೂತವರನ್ನು ಮಾತಾಡಿಸಬಾರದು ಎಂಬುದು ಚಿಕ್ಕಂದಿನ ಶಿಸ್ತು ಎಂದು ಸಮಾಧಾನ ಮಾಡಿಕೊಂಡೆ. ನಿಜ ಅದಲ್ಲ. ಇಷ್ಟು ಬೆಳಕಿಗೆ ಇಷ್ಟು ಚುಕ್ಕೆ ಬಂದರೆ ಇನ್ನಷ್ಟು ಬೆಳಕಿಗೆ ಇನ್ನಷ್ಟು ಚುಕ್ಕೆ ಎಂದು ನನ್ನ ಪಿಯುಸಿ ತಲೆ ಲೆಕ್ಕ ಹಾಕಿತ್ತು. ರಾಮದುರ್ಗದವರು ಬರಲು ದಿನ ಕಡಿಮೆ ಉಳಿದಿದ್ದವು.

ಅವರು ಬರುವುದು ಭಾನುವಾರ. ಅದರ ಹಿಂದಿನ ಗುರುವಾರ ಎರಡು ಸರ ಮುಗಿಯಿತು. ಅವ್ವ ಕಣ್ಣು ತೆರೆಯಲಿಲ್ಲ. ಏನೂ ಹೇಳದೆ ಮೂರನೆಯದನ್ನು ಹಿಡಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಕ್ಕನೂ ಕಣ್ಣು ಮುಚ್ಚಿದ್ದಳು, ಕೆಳತುಟಿ ಹಲ್ಲಿನಡಿ. ನಾನು ಗಡಿಯಾರ ನೋಡಿದೆ, ಮತ್ತೆ ನೋಡಿದೆ. ಇಪ್ಪತ್ತು. ಇಪ್ಪತ್ತನಾಲ್ಕು. "ಅವ್ವಾ" ಎಂಬುದು ಗಂಟಲಿಗೆ ಬಂದಿತ್ತು. ಅದನ್ನು ನುಂಗಿ, ಗಡಿಯಾರದ ಕೈಯನ್ನು ದಾವಣಿಯ ಸೆರಗಿನೊಳಗೆ ಎಳೆದುಕೊಂಡೆ. ಸರ ಮುಗಿದಾಗ ಇಪ್ಪತ್ತೇಳು ನಿಮಿಷ ಆಗಿತ್ತು.

ಸಂಜೆಗೆ ಕೈ ಕೆಂಪಾಯಿತು. ಮರುದಿನ ಬೆಳಿಗ್ಗೆ ಕಲೆಯ ತುಂಬ ನೀರುಗುಳ್ಳೆ ಎದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಅವು ಒಂದಕ್ಕೊಂದು ಕೂಡಿ ಚೀಲದಂತೆ ಜೋತಾಡುತ್ತಿದ್ದವು. ಅಕ್ಕನಿಗೆ ಜ್ವರ. ಕುಪ್ಪಸದ ತೋಳು ಕತ್ತರಿಸಿ ತೆಗೆಯಬೇಕಾಯಿತು.

ಶನಿವಾರ ಡಾಕ್ಟರು ನೋಡಿ ಮುಖ ಗಂಟಿಕ್ಕಿದರು. "ಎಷ್ಟ ಹೊತ್ತು ಕುಂದರಿಸಿದ್ರಿ?"

"ಹದಿನೈದು ನಿಮಿಷ ರಿ. ಹತ್ತು ಅಂದಿದ್ರಿ, ಐದು ಹೆಚ್ಚು ಮಾಡೀನಿ. ತಪ್ಪಾತ್ರಿ." ಅವ್ವ ಸುಳ್ಳು ಹೇಳುತ್ತಿರಲಿಲ್ಲ. ಮೂರು ಸರ ಅಂದರೆ ಅವಳಿಗೆ ಹದಿನೈದೇ.

"ಹದಿನೈದಕ್ಕ ಇಷ್ಟು ಸುಡಬಾರದು." ಅವರ ಕಣ್ಣು ನನ್ನ ಮಣಿಕಟ್ಟಿಗೆ ಬಂತು. "ಯವ್ವಾ, ನೀ ಗಡಿಯಾರ ಕಟ್ಟೀದಿಯಲ್ಲ. ನೋಡಿದ್ದಿಯೇನು?"

"ಇಲ್ರಿ. ನಾ ಕೆಳಗಿದ್ದೆ."

ಯಾಕೆ ಹಾಗಂದೆ? ಹೆದರಿಕೆ. ಅವ್ವನ ಮುಂದೆ, ಅಪ್ಪನ ಮುಂದೆ, ನೋಡುತ್ತ ಕೂತಿದ್ದೆ ಎಂದು ಹೇಳಲು ಹೆದರಿಕೆ, ಅಷ್ಟೇ. ಅಕ್ಕ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳೂ ಬಾಯಿ ಬಿಡಲಿಲ್ಲ.

"ಹಂಗಾದ್ರ ಈಕಿ ಚರ್ಮಕ್ಕ ಬೆಳಕು ಹಿಡಸಂಗಿಲ್ರಿ," ಅಂದರು ಡಾಕ್ಟರು. "ನಿಲ್ಲಿಸಿ ಬಿಡೂಣು. ಗಾಯ ಮಾಯ್ದ ಮ್ಯಾಲೆ ಮತ್ತ ಮುಲಾಮಿಗೇ ಹೋಗೂಣು."

ಇಪ್ಪತ್ತೇಳು ಅಂದಿದ್ದರೆ ಅವರು ಹೊತ್ತು ಇಳಿಸುತ್ತಿದ್ದರು, ಗಾಯ ಮಾಯ್ದ ಮೇಲೆ ಮತ್ತೆ ಐದರಿಂದ ಶುರು ಮಾಡಿಸುತ್ತಿದ್ದರು. ಹಿಡಿಯುತ್ತಿದ್ದ ಔಷಧಿಯನ್ನು ನನ್ನ ಒಂದು ಮಾತು ನಿಲ್ಲಿಸಿತು. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಬಂದು ಊಟ ಮಾಡಿದೆ.

ಭಾನುವಾರ ರಾಮದುರ್ಗದವರನ್ನು ತಡೆಯಲಾಗಲಿಲ್ಲ. ಅಕ್ಕನಿಗೆ ಜ್ವರ ಎಂದು ಅಪ್ಪ ಹೇಳಿದ. ಅತ್ತೆಗೆ ಸೊಸೆಯಾಗುವವಳ ಮೇಲೆ ಜೀವ. "ಜ್ವರ ಬಂದ್ರ ನಾ ನೋಡಬಾರದೇನು?" ಎಂದು ನೇರ ಒಳಮನೆಗೆ ನಡೆದಳು. ಹನ್ನೊಂದರ ಹೊತ್ತು. ಕತ್ತಲ ಕೋಣೆಯಲ್ಲಿ ಬೆಳಕಿಂಡಿಯ ಬಿಸಿಲು ಒಂದು ತಟ್ಟೆಯ ಹಾಗೆ ನೆಲದ ಮೇಲೆ ಬಿದ್ದಿತ್ತು. ಅದು ಸರಿಯುತ್ತ ಸರಿಯುತ್ತ ಹಾಸಿಗೆಯ ಅಂಚಿಗೆ ಬಂದು, ಅಕ್ಕನ ಬರಿಗೈ ಮೇಲೆ ಕೂತಿತ್ತು. ಗುಳ್ಳೆಯ ಸುತ್ತ ಉಳಿದ ಬಿಳಿ, ಬಿಳಿಯೊಳಗಿನ ಕಂದು ಚುಕ್ಕೆ ಎಲ್ಲವನ್ನೂ ಅತ್ತೆ ನೋಡಿದಳು. ಬಗ್ಗಿ ಅಕ್ಕನ ಹಣೆ ಮುಟ್ಟಿದಳು. ಹೊರಗೆ ಬಂದು ಚಹಾ ಕುಡಿದು, ನಿಶ್ಚಯದ ಮಾತೆತ್ತದೆ ಹೋದಳು.

ಹದಿನೈದು ದಿನಕ್ಕೆ ಅವಳೊಬ್ಬಳೇ ಮತ್ತೆ ಬಂದಳು. "ಅಣ್ಣಾ, ನಿನ್ನ ಮನಿ ಹೆಣ್ಣು ನಾ ಬಿಡಂಗಿಲ್ಲ," ಎಂದು ಅಪ್ಪನ ಮುಂದೆ ಕಣ್ಣೀರು ತೆಗೆದಳು. "ಸಣ್ಣಾಕಿನ್ನ ಕೊಡು."

ನಾನು ಒಲ್ಲೆ ಅಂದೆ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅಕ್ಕ ಪಟ್ಟಿ ಕಟ್ಟಿದ ಕೈಯಿಂದಲೇ ರೊಟ್ಟಿ ತಂದು ಮುಂದಿಟ್ಟು, "ಹೂಂ ಅನ್ನು ಸುಮಿ. ನಮ್ಮ ಮನಿ ಮಗಳ ಹೋದಂಗ ಆಕ್ಕೈತಿ," ಅಂದಳು. ಹೂಂ ಅಂದೆ. ಮರುವರ್ಷ ಸವದತ್ತಿ ದಾರಿಯಲ್ಲಿ ದಿಬ್ಬಣದ ಬಸ್ಸಿನಲ್ಲಿ ಕೂತು, ಮುನವಳ್ಳಿಯ ಕಡೆ ಮಲಪ್ರಭೆಯ ಹಿನ್ನೀರು ಹೊಳೆಯುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು ರಾಮದುರ್ಗಕ್ಕೆ ಹೋದೆ. ನಮ್ಮ ಮನೆಯವರು ಒಳ್ಳೆಯವರು, ಒಂದು ದಿನ ಗದರಿಸಿದವರಲ್ಲ. ಅವರು ಒಳ್ಳೆಯವರಾದಷ್ಟೂ ನನಗೆ ಕಷ್ಟ. ಆಗಲೇ ನನಗೆ ಅವರ ಮೇಲೆ ಮನಸ್ಸಿತ್ತೇ, ಅದಕ್ಕೇ ಸುಮ್ಮನೆ ಕೂತೆನೇ ಎಂದು ಸಾವಿರ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ ಎಂದೇ ನೆನಪು. ಆದರೆ ನನ್ನ ನೆನಪನ್ನು ನಾನೇ ಪೂರಾ ನಂಬುವುದಿಲ್ಲ.

ಸುಟ್ಟ ಜಾಗದಿಂದ ಬಿಳುಪು ಹಬ್ಬಿತು. ಮುಲಾಮು ಅದರ ಹಿಂದೆ ಓಡಿ ಓಡಿ ಸೋತಿತು. ಅವ್ವ ಮಾತ್ರ ತನ್ನನ್ನೇ ದೂರಿಕೊಂಡಳು. "ಎಲ್ಲೋ ಎಣಿಕಿ ತಪ್ಪಿದೆ. ಮನಸ್ಸು ಪೂರಾ ಇಡಲಿಲ್ಲ," ಎಂದು ಸರದ ಮಣಿಗಳನ್ನು ಮತ್ತೆ ಮತ್ತೆ ಲೆಕ್ಕ ಮಾಡಿದಳು. ನೂರೆಂಟೇ ಇದ್ದವು. ಆದರೂ ಅದನ್ನು ಎತ್ತಿಟ್ಟು, ಹೊಸ ಸರ ತಂದು, ಹತ್ತು ವರ್ಷ ಇನ್ನಷ್ಟು ಮನಸ್ಸಿಟ್ಟು ಎಣಿಸಿದಳು. ನಾನು ಬಂದಾಗಲೆಲ್ಲ ಅದನ್ನು ನೋಡಿದೆ. ಹೇಳಬೇಕೆಂದು ಬಂದು, ಹೇಳದೆ ಹೋದೆ.

ಅಕ್ಕನಿಗೆ ನೌಕರಿ ಸಿಕ್ಕಿತು. ಈಗ ಕಿತ್ತೂರಿನ ಹತ್ತಿರ ದೇಗಾಂವದ ಸಾಲೆಯಲ್ಲಿದ್ದಾಳೆ. ಮದುವೆಯಾಗಲಿಲ್ಲ. ನಡುವೆ ಕೆಲವು ತಿಂಗಳು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯ ಮಷೀನಿಗೂ ಹೋದಳು. ಒಮ್ಮೆ ನಾನೂ ಜೊತೆಗಿದ್ದೆ. ಆಳೆತ್ತರದ ಕಪಾಟು, ಒಳಗೆ ಸುತ್ತ ಟ್ಯೂಬ್‌ಲೈಟು. ಕೊಟ್ಟ ಹೊತ್ತು ಮುಗಿದೊಡನೆ ಟಕ್ಕೆಂದು ತಾನೇ ಆರಿತು. ಅಕ್ಕ ಹೊರಗೆ ಬಂದು ನಕ್ಕಳು. "ಇದಕ್ಕ ಭಕ್ತಿ ಇಲ್ಲ ನೋಡು ಸುಮಿ. ಹೊತ್ತಾತಂದ್ರ ಆರಿ ಬಿಡತೈತಿ." ಆ ನಗು ನನಗೆ ಆಗ ತಿಳಿಯಲಿಲ್ಲ. ಬಿಳುಪು ಬಹಳ ಹಬ್ಬಿದ್ದರಿಂದ ಅಷ್ಟು ದೂರದ ಓಡಾಟ ಅವಳಿಗೆ ಸಾಕೆನಿಸಿತು.

ಡಬ್ಬಿ ಸಿಕ್ಕ ಮರುದಿನವೇ ದೇಗಾಂವಕ್ಕೆ ಹೋದೆ. ಅಕ್ಕನ ಮುಖ, ಕೈ, ಕುತ್ತಿಗೆ ಎಲ್ಲ ಈಗ ಒಂದೇ ಬಿಳಿ. ಬಾಡಿಗೆ ಮನೆಯ ಕಟ್ಟೆಯ ನೆರಳಲ್ಲಿ ಕೂತು ಹುಡುಗರ ನೋಟುಬುಕ್ಕು ತಿದ್ದುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಮುಂದೆ ಇಟ್ಟೆ. ಅವಳು ಮೂಸಿದಳು.

"ಅಕ್ಕಾ, ಅವತ್ತ ಇಪ್ಪತ್ತೇಳು ನಿಮಿಷ ಆಗಿತ್ತು. ನಾ ಗಡಿಯಾರ ನೋಡಕೋತ ಕುಂತಿದ್ದೆ. ಡಾಕ್ಟರ ಮುಂದ ಸುಳ್ಳು ಹೇಳಿದೆ."

"ಗೊತ್ತೈತಿ."

"ಗೊತ್ತಿತ್ತು?"

"ಗಡಿಯಾರ ನಿನ್ನ ಕೈಯಾಗಿತ್ತು. ಸುಡಾಕತ್ತಿದ್ದು ನನ್ನ ಕೈ. ನನಗ ತಿಳೀಲಿಲ್ಲಂತ ಅನಕೊಂಡಿಯೇನು?"

ನನಗೆ ಅಳು ತಡೆಯಲಾಗಲಿಲ್ಲ. "ಅವ್ವಗರ ಹೇಳಬೇಕಿತ್ತು ಅಕ್ಕಾ. ತನ್ನ ಎಣಿಕಿ ತಪ್ಪಿತು ಅಂತನ ಹೋದ್ಲು."

"ಏನಂತ ಹೇಳತಿದ್ದಿ? ನಿನ್ನ ಜಪಾ ನಿನ್ನ ಮಗಳನ್ನ ಸುಟ್ಟಿತು ಅಂತೇನು?"

ಅವಳು ಸರವನ್ನು ಕೈಗೆ ತೆಗೆದುಕೊಂಡು, ಒಂದು ಮಣಿಯನ್ನು ಬೆರಳಲ್ಲಿ ಹಿಡಿದು ಹಾಗೇ ಕೂತಳು. ಅಂಗಳದಲ್ಲಿ ಬಿಸಿಲು ಕ್ಷಣ ಕ್ಷಣಕ್ಕೂ ಕಟ್ಟೆಯ ಕಡೆ ಸರಿಯುತ್ತಿತ್ತು. ಹತ್ತು ವರ್ಷ ನುಂಗಿಕೊಂಡಿದ್ದ ಒಂದೇ ಮಾತು ನನ್ನಲ್ಲಿ ಉಳಿದಿತ್ತು, ಅದನ್ನೂ ಕೇಳಿಬಿಟ್ಟೆ.

"ಅಷ್ಟು ಉರಿಯಾಕತ್ತಿದ್ರ ನೀ ಯಾಕ ಕೈ ತಗೀಲಿಲ್ಲ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಮಣಿಯನ್ನು ಬಿಡಲೂ ಇಲ್ಲ.

"ಅವ್ವನ ಸರ ಇನ್ನಾ ಮುಗದಿದ್ದಿಲ್ಲಲ್ಲ," ಅಂದಳು.